ಇಪ್ಪತ್ತು ಮನೆಗೆ ಒಬ್ಬನೇ ಮುತ್ತಜ್ಜನನ್ನು ದಯಪಾಲಿಸಿದ ಸ್ಲೈಡಿಗೆ

ಸಮಸ್ತ ತರಗತಿಗಳ ಗೋಡೆಗಳನ್ನು ಬೆಳಗುತ್ತಿರುವ, ಬಣ್ಣಬಣ್ಣದ ಸ್ಲೈಡುಗಳ ತಂತ್ರಾಂಶದ ಮಾನ್ಯರೇ,

ತಮ್ಮ ತಂತಿಗಳು ಕ್ಷೇಮವೆಂದೂ, ತಮ್ಮ ದೀಪ ಎಂದಿನಂತೆ ಕಣ್ಣು ಕುಕ್ಕುತ್ತಿದೆಯೆಂದೂ ನಂಬಿದ್ದೇನೆ. ನಾನು ಬುರುಲ್ಕಾನ್. ಬಸ್ ನಿಲ್ದಾಣದೆದುರು ಸೂರ್ಯಕಾಂತಿ ಬೀಜವನ್ನು ಲೋಟದಲ್ಲಿ ಅಳೆದು ಮಾರುತ್ತಿದ್ದವಳು ಈಗ ಸಂತೆಯಲ್ಲಿ ಬೂಟಿನ ಅಂಗಡಿ ಇಟ್ಟಿದ್ದೇನೆ. ಎಡಗಾಲಿನ ಬೂಟು ಮಾತ್ರ ಕೊಟ್ಟು ಜೋಡಿ ಕೊಟ್ಟವಳೆಂದು ಹೊಗಳಿಸಿಕೊಳ್ಳುವ ವಿದ್ಯೆ ಇಷ್ಟು ವರ್ಷವಾದರೂ ನನಗೆ ಒಲಿಯಲಿಲ್ಲ. ತಮಗದು ಒಂದೇ ಬೆಳಿಗ್ಗೆಯಲ್ಲಿ ಒಲಿದದ್ದನ್ನು ಕಣ್ಣಾರೆ ಕಂಡು ಅಭಿನಂದಿಸಲು ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ನನ್ನ ಮಗಳು ಮೀರಿಮಳ ನಾಲ್ಕನೇ ತರಗತಿಗೆ ಕನಿಶಾಯ್ ಅಕ್ಕನವರ ಪಾಠ. ಮಕ್ಕಳನ್ನು ಇಬ್ಬಿಬ್ಬರಾಗಿ ಎದುರುಬದುರು ನಿಲ್ಲಿಸಿ, ಒಬ್ಬರ ತಪ್ಪನ್ನು ಇನ್ನೊಬ್ಬರಿಂದ ಹಿಡಿಸುವ ಹಿಂದುಳಿದ ಪದ್ಧತಿ ಅವರದು. ಪರಿಶೀಲಕರಾದ ತಾಶ್ತಾನ್ ಅವರು, ‘ತೆರೆದ ಪಾಠ’ದ ದಿನ ಸ್ಲೈಡು ಕಾಣದಿದ್ದರೆ ತರಗತಿ ಕೈತಪ್ಪುತ್ತದೆಂದು ಅಕ್ಕನಿಗೆ ತಿಳಿಸಿದರು. ಹೆತ್ತವರೂ ಅಧಿಕಾರಿಗಳೂ ಹಿಂದಿನ ಬೆಂಚಿನಲ್ಲಿ ಕೂತು ನೋಡುವ ಆ ಪಾಠವನ್ನು ಮೊದಲೇ ಅಭ್ಯಾಸ ಮಾಡಿಸಿರುತ್ತಾರೆಂಬುದು ನೋಡುವವರಿಗೂ ಗೊತ್ತು. ಈ ಸಲದ ವಿಷಯ, ಏಳು ತಲೆಮಾರಿನ ತಂದೆಯರು. ಆ ಏಳು ಹೆಸರು ಬಾರದ ಕಿರ್ಗಿಜ್ ಮಗುವೆಂದರೆ ಮನೆತನಕ್ಕೇ ನಾಚಿಕೆ, ಏಕೆಂದರೆ ಹುಡುಗ ಹುಡುಗಿಯ ಏಳರೊಳಗೆ ಒಂದು ಹೆಸರು ಕೂಡಿದರೂ ಅಲ್ಲಿ ಮದುವೆ ಕೂಡದು. ಆದರೆ ಅಭ್ಯಾಸವೆಲ್ಲ ಯಾರು ಯಾವ ಗುಂಡಿ ಒತ್ತಬೇಕೆಂಬುದರಲ್ಲೇ ಮುಗಿದು, ಹೆಸರುಗಳಿಗೆ ಸಮಯ ಉಳಿಯಲಿಲ್ಲ.

ತಮ್ಮ ಸಿದ್ಧ ವಂಶವೃಕ್ಷದಲ್ಲಿ ನಾಲ್ಕೇ ಚೌಕ. ತಮ್ಮ ಅಳತೆ ಕೇಳದೆ ಹುಟ್ಟಿ ಸತ್ತ ಉಳಿದ ಮೂವರ ಪರವಾಗಿ ಕ್ಷಮೆ ಕೋರುತ್ತೇನೆ. ಪಾಠದ ದಿನ, ಕೂಡಿ ಕಲಿಯಬೇಕೆಂದು ತರಗತಿಯ ಇಪ್ಪತ್ತೂ ಮಕ್ಕಳು ಒಂದೇ ಸ್ಲೈಡಿನಲ್ಲಿ ಬರೆದರು, ಒಬ್ಬರ ಅಜ್ಜನನ್ನು ಇನ್ನೊಬ್ಬರು ಅಳಿಸಿದರು, ಎಲ್ಲರಿಗಿಂತ ನಿಧಾನವಾಗಿ ಒತ್ತುವ ಕುಬಾತನ ಅಜ್ಜಂದಿರು ಕೊನೆಗೆ ಉಳಿದರು. ಒಬ್ಬೊಬ್ಬರೂ ಎದ್ದು ಗೋಡೆ ನೋಡಿ ಅದನ್ನೇ ಓದಿದರು. ನನ್ನ ಮಗಳೂ ಓದಿದಳು. ತಾಶ್ತಾನ್ ಅವರು ಚಪ್ಪಾಳೆ ತಟ್ಟಿ, “ನೋಡ್ರೀ, ಎಂಥಾ ಒಗ್ಗಟ್ಟು! ಒಂದಾದ್ರೂ ಜಗಳ ಇದೆಯಾ?” ಎಂದರು. ಪಕ್ಕದಲ್ಲಿದ್ದ ಕುಬಾತನ ಅಜ್ಜಿ ನನ್ನ ತೋಳು ಚಿವುಟಿ, “ಲೇ ಬುರುಲ್ಕಾನ್, ನಮ್ಮ ಮಾವ ಇಷ್ಟು ಮನೆಗೆ ಹೋಗಿದ್ನೇನೇ? ಹಿಂಗಾದ್ರೆ ಈ ಹುಡುಗ್ರು ಮದುವೆ ಆಗೋದು ಯಾರನ್ನ, ಕುರೀನಾ?” ಎಂದರು.

ಅಕ್ಕ ಸುಮ್ಮನಿದ್ದಿದ್ದರೆ ಕೆಲಸ ಗೆದ್ದಂತೆಯೇ ಇತ್ತು. ಆದರೆ ಅವರು ತಮ್ಮ ದೀಪವನ್ನೇ ಆರಿಸಿಬಿಟ್ಟು, “ಇದು ಸುಳ್ಳು ಸಾರ್. ಮೀರಿಮ್, ನೀನು ಯಾರ ಮನೆ ಮಗಳು? ಗೋಡೆ ನೋಡ್ಬೇಡ, ನನ್ನ ನೋಡು” ಎಂದರು. ಮಗಳು ಮೂರನೇ ಹೆಸರಿಗೆ ತಡವರಿಸಿದಾಗ, ಅವಳೆದುರು ಜೋಡಿಯಾಗಿ ನಿಲ್ಲುವ ಜಿಬೆಕ್, “ಕುದುರೆ ಕದ್ದು ಸಿಕ್ಕಿಬಿದ್ನಲ್ಲೇ, ಅವನು!” ಎಂದು ಕೆಣಕಿದಳು, ತರಗತಿ ಬಿದ್ದು ಬಿದ್ದು ನಕ್ಕಿತು, ಮಗಳು ಸಿಟ್ಟಿಗೆದ್ದು ಏಳೂ ಹೆಸರನ್ನು ಒದರಿದಳು. ತಾಶ್ತಾನ್ ಅವರು ‘ಸಹಕಲಿಕೆಗೆ ಭಂಗ’ ಎಂದು ಬರೆದುಕೊಂಡರು. ಸೋಮವಾರದಿಂದ ತರಗತಿ ಬೇರೊಬ್ಬರ ಪಾಲು. ಅವರು ಬಲು ಚೆನ್ನಾಗಿ ಗುಂಡಿ ಒತ್ತುತ್ತಾರೆ.

ಆದ್ದರಿಂದ ಮಾನ್ಯರೇ, ಇನ್ನು ಮುಂದೆ ಹೆಣ್ಣು ಕೇಳಲು ಬಂದವರ ಮುಂದೆ ತಾವೇ ಬಂದು ಕೂತು, ಹುಡುಗಿ ಹುಡುಗನಿಗೆ ತಂಗಿಯಾಗಬೇಕೋ ಇಲ್ಲವೋ ಎಂದು ಕರೆಂಟು ಹೋದಾಗಲೂ ಹೇಳುವ ಕೃಪೆ ಮಾಡಬೇಕು. ಅಷ್ಟು ಪುರುಸೊತ್ತಿಲ್ಲವಾದರೆ, ಅಳಿಸಿದ್ದನ್ನು ಮರಳಿಸುವ ಬಾಗಿದ ಬಾಣದ ಗುಂಡಿಯೊಂದು ತಮ್ಮಲ್ಲಿದೆಯಂತೆ. ದಯವಿಟ್ಟು ಕನಿಶಾಯ್ ಅಕ್ಕನ ಮೇಲೆ ಅದನ್ನೊಮ್ಮೆ ಒತ್ತಿ.

ತಮ್ಮ ಕೃಪೆಯಿಂದ ಕುಬಾತನಿಗೆ ಚಿಕ್ಕಮ್ಮನಾದ ವಿಶ್ವಾಸಿ,
ಬುರುಲ್ಕಾನ್

ಮರೆತಿದ್ದೆ: ಅಕ್ಕ ಈಗ ಸಂಜೆ ನನ್ನ ಅಂಗಡಿಯಲ್ಲಿ, ಬೂಟಿನ ಡಬ್ಬಗಳ ನಡುವೆ ಮಕ್ಕಳಿಗೆ ಪಾಠ ಹೇಳುತ್ತಾರೆ. ನಿನ್ನೆ ತಾಶ್ತಾನ್ ಅವರು ಮೊಮ್ಮಗಳ ಕೈಹಿಡಿದು ತಂದು ಬಿಟ್ಟು, “ಯಾರಿಗೂ ಹೇಳ್ಬೇಡಮ್ಮಾ” ಎಂದು ಹೋದರು. ಯಾರಿಗೂ ಹೇಳಿಲ್ಲ. ತಮಗೊಬ್ಬರಿಗೇ ಬರೆಯುತ್ತಿದ್ದೇನೆ, ಪತ್ರ ಬಹಿರಂಗದ್ದಾದರೆ ನಾನೇನು ಮಾಡಲಿ?