ಟೈಮಪ್ಪನವರು ಮಿಕ್ಸರ್ ಪರೀಕ್ಷಿಸಿದ್ದು

ಎರಡು ಮಿಕ್ಸರುಗಳಲ್ಲಿ ಮಗಳಿಗೆ ಯಾವುದು ಒಳ್ಳೆಯದು ಎಂಬುದನ್ನು ಸಂಜೆ ಐದರೊಳಗೆ ತೀರ್ಮಾನಿಸಿ, ಕಾರಣಸಮೇತ ಕಾಗದದಲ್ಲಿ ಬರೆದು, ಕೆಳಗೆ ರುಜು ಹಾಕಿ ಕೊಡುವುದಾಗಿ ಟೈಮಪ್ಪನವರು ಗುರುವಾರ ಬೆಳಗಿನ ತಿಂಡಿಯ ಹೊತ್ತಿಗೆ ಘೋಷಿಸಿದರು. ನಲವತ್ತೊಂದು ವರ್ಷ ಕೈಗಡಿಯಾರ ರಿಪೇರಿ ಮಾಡಿದ ಮನುಷ್ಯ. ಸೂರ್ಯನೇ ಅವರ ಅಂಗಡಿಯೊಳಗೆ ಇಣುಕಿ ಟೈಮು ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದ ಎಂಬುದು ಅವರೇ ಹರಡಿದ ಸುದ್ದಿ. ಬೀದಿಯವರು ಅಲ್ಲಗಳೆಯುವ ಗೋಜಿಗೆ ಹೋಗದೆ ಟೈಮಪ್ಪ ಎಂದು ಹೆಸರಿಟ್ಟು ಸುಮ್ಮನಾಗಿದ್ದರು. ಎರಡು ವರ್ಷದ ಹಿಂದೆ ಕಣ್ಣು ಮಂಜಾಯಿತೆಂದು ಅಂಗಡಿ ಮುಚ್ಚಿ, ದಪ್ಪ ಕಟ್ಟಿನ ಕನ್ನಡಕವೊಂದನ್ನು ಏರಿಸಿಕೊಂಡು ಮನೆ ಸೇರಿದ್ದರು.

ಈ ಮಿಕ್ಸರ್ ಅಡುಗೆಮನೆಯದಲ್ಲ. ಮಗಳು ಹಗಲು ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ, ಮಿಕ್ಕ ಹೊತ್ತು ಸ್ಕ್ರ್ಯಾಚ್ ಡಿಜೆ. ಅಂದರೆ, ತಿರುಗುವ ರೆಕಾರ್ಡನ್ನು ಒಂದು ಕೈಯಿಂದ ಹಿಂದೆ ಮುಂದೆ ಉಜ್ಜುತ್ತಾಳೆ; ಇನ್ನೊಂದು ಕೈಯಿಂದ ಮಿಕ್ಸರಿನ ಮೇಲಿರುವ ಜಾರುಗುಂಡಿಯನ್ನು ಅತ್ತಿತ್ತ ಬಡಿದು, ಹೊರಟ ಸದ್ದನ್ನು ತುಂಡು ತುಂಡು ಮಾಡುತ್ತಾಳೆ. ಆ ಜಾರುಗುಂಡಿಗೆ ಫೇಡರ್ ಎಂದು ಹೆಸರು. ಇದರಲ್ಲಿ ಪೈಪೋಟಿಗೆ ಇಳಿಯುವವರಿಗೆಂದೇ ತಯಾರಾದ ದುಬಾರಿ ಜಾತಿ ಬ್ಯಾಟಲ್ ಮಿಕ್ಸರ್. ಭಾನುವಾರ ಮಧ್ಯಾಹ್ನ ಮಗಳ ಮೊದಲ ದೊಡ್ಡ ಪೈಪೋಟಿ; ಆರು ವರ್ಷ ಕಾದು ದಕ್ಕಿಸಿಕೊಂಡ ಜಾಗ. ಸೌಂಡ್ ಅಂಗಡಿಯವನು ಕರಿಯದೊಂದು, ಬೂದು ಬಣ್ಣದ್ದೊಂದು ಎರಡು ಡಬ್ಬ ಕೈಗಿಟ್ಟು, ಬೇಡದ್ದನ್ನು ಶನಿವಾರ ವಾಪಸ್ ತಂದುಬಿಡಿ ಎಂದಿದ್ದ.

"ನೋಡಪ್ಪಾ, ಮುಟ್ಟು, ತಿರುಗಿಸು, ಏನಾದ್ರೂ ಮಾಡ್ಕೋ. ಬಿಚ್ಚಬೇಡ, ಅಷ್ಟೇ," ಎಂದು ಮಗಳು ಚಪ್ಪಲಿ ಮೆಟ್ಟಿ ಹೊರಟಳು. ಕೊನೆಯ ಮಾತು ಬರುವಷ್ಟರಲ್ಲಿ ಟೈಮಪ್ಪನವರ ಕಿವಿ ಬೇರೆ ಕೆಲಸಕ್ಕೆ ಹೋಗಿತ್ತು.

ಪರೀಕ್ಷೆ ಬಹಳ ಗಂಭೀರವಾಗಿ ನಡೆಯಿತು. ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದರು. ಎರಡೂ ಡಬ್ಬಗಳನ್ನು ತೂಗಿದರು, ಅಳೆದರು, ಪ್ರತಿಯೊಂದು ಗುಂಡಿಗೂ ಕಿವಿಯಿಟ್ಟು ತಿರುಗಿಸಿದರು. ಕಡೆಗೆ ಫೇಡರಿನ ಸರದಿ ಬಂತು. ಬೂದು ಡಬ್ಬದ ಫೇಡರು ನಿವೃತ್ತ ನ್ಯಾಯಾಧೀಶರು ಮೆಟ್ಟಿಲಿಳಿದ ಹಾಗೆ ತೂಕವಾಗಿ ಸರಿಯಿತು. ಕರಿಯದರದ್ದು ಹಾಗಲ್ಲ. ಡಬ್ಬವನ್ನು ಚೂರು ಓರೆ ಮಾಡಿದರೆ ತಾನಾಗಿ ಜಾರಿ ಆ ತುದಿಗೆ ಹೋಗಿ ಕುಳಿತುಕೊಳ್ಳುತ್ತಿತ್ತು. ಪಕ್ಕದ ಮನೆಯವರು ಸೀನಿದರೂ ಜರುಗೀತು ಅನ್ನುವಷ್ಟು ಹಗುರ.

ಟೈಮಪ್ಪನವರ ಶಾಸ್ತ್ರದಲ್ಲಿ ಯಂತ್ರಗಳಿಗೆ ಇರುವುದು ಎರಡೇ ರೋಗ. ಒಂದು ಕೊಳೆ, ಇನ್ನೊಂದು ಲೂಸು. ಹೊಸ ಡಬ್ಬದಲ್ಲಿ ಕೊಳೆ ಇರಲಾರದು. ರೋಗ ಸಿಕ್ಕಿಬಿತ್ತು.

ಸ್ಕ್ರೂಡ್ರೈವರಿನ ಪೆಟ್ಟಿಗೆ ತೆರೆದ ಸದ್ದಿಗೆ ಹೆಂಡತಿ ಒಳಗಿನಿಂದ ಬಂದರು. ಮೂವತ್ತು ವರ್ಷ ಲೈಬ್ರರಿಯಲ್ಲಿ ಜನರನ್ನು ಸುಮ್ಮನಿರಿಸಿ ಬಂದವರು. ಮಾತು ಕಡಿಮೆ, ಕಿವಿ ಚುರುಕು; ಮೂರನೇ ಕಪಾಟಿನ ಹಿಂದೆ ಯಾರಾದರೂ ಮನಸ್ಸಿನಲ್ಲೇ ಆಕಳಿಸಿದರೂ ಇವರಿಗೆ ಗೊತ್ತಾಗುತ್ತಿತ್ತು.

"ರೀ, ಬಿಚ್ಚಬೇಡ ಅಂದಿದ್ಲಲ್ಲ?"

"ಬಿಚ್ಚಿಲ್ಲ ಕಣೇ. ಮುಚ್ಚಳ ತೆಗೆದಿದೀನಿ."

ಹೆಂಡತಿ ಒಂದು ಕ್ಷಣ ಅವರ ಕೈ ನೋಡಿದರು. ಆಮೇಲೆ ಒಳಗೆ ಹೋದರು.

ಮುಚ್ಚಳದಡಿಯಲ್ಲಿ, ಫೇಡರಿನ ಪಕ್ಕಕ್ಕೆ, ಇರುವೆ ತಲೆಯಷ್ಟು ದೊಡ್ಡ ಸ್ಕ್ರೂ ಒಂದಿತ್ತು. ಇಷ್ಟು ದುಬಾರಿ ಮಾಲು ಮಾಡಿ, ಕಡೆಗೆ ಬಿಗಿ ಮಾಡುವುದನ್ನೇ ಮರೆತಿದ್ದಾರಲ್ಲ ಎಂದು ಟೈಮಪ್ಪನವರು ತಯಾರಿಸಿದವರ ಮೇಲೆ ಮರುಕಪಟ್ಟರು. ಸ್ಕ್ರೂಡ್ರೈವರಿನ ತುದಿ ಆ ಸ್ಕ್ರೂವಿನ ಗೀರಿಗೆ ಕೂರಲು ಎರಡು ಗಂಟೆ ಹಿಡಿಯಿತು. ಕನ್ನಡಕ ಸರಿಯಿಲ್ಲ ಎಂದು ತಮಗೆ ತಾವೇ ಜೋರಾಗಿ ಹೇಳಿಕೊಂಡರು. ಕೊನೆಗೂ ಒಂದೂವರೆ ಸುತ್ತು ಬಿಗಿಯಾಯಿತು. ಮುಚ್ಚಳ ಹಾಕಿ ವರದಿ ಬರೆದರು: 'ಕರಿಯದಕ್ಕೆ ಹುಟ್ಟಿನಿಂದ ಬಂದ ಲೂಸು ಇತ್ತು. ವಾಸಿ ಮಾಡಲಾಗಿದೆ. ಈಗ ಎರಡೂ ಸಮ. ಬೇಕಾದ್ದನ್ನು ಇಟ್ಟುಕೊಳ್ಳಬಹುದು.' ರುಜು ಹಾಕಿ, ಮಡಿಸಿ, ಮಗಳು ಬೆರಗಾಗುವ ಗಳಿಗೆಗೆಂದು ಜೇಬಿನಲ್ಲಿ ಇಟ್ಟುಕೊಂಡರು.

ಮಗಳು ಸಂಜೆ ಬಂದವಳೇ ಕೈ ತೊಳೆದು ಕರಿ ಡಬ್ಬದ ಮುಂದೆ ನಿಂತಳು. ಹತ್ತು ನಿಮಿಷ ಬಡಿದಳು. ಬೂದು ಡಬ್ಬಕ್ಕೆ ಹೋದಳು. ತಿರುಗಿ ಕರಿಯದಕ್ಕೆ ಬಂದಳು. ಟೈಮಪ್ಪನವರು ಹಜಾರದ ಕುರ್ಚಿಯಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಹೊಗಳಿಕೆಗೆ ತಯಾರಾಗಿ ಕುಳಿತಿದ್ದರು. ಒಳಗಿನ ಸದ್ದು ನಿಂತಿತು.

ನಿನ್ನೆ ಕರಿಯದು ಕೈಗಿಂತ ಮೊದಲೇ ಹಾರುತ್ತಿತ್ತು, ಇವತ್ತು ಕೆಸರಿನಲ್ಲಿ ಕೈಯಾಡಿಸಿದ ಹಾಗಿದೆ ಎಂದು ಅವಳು ಅಮ್ಮನ ಹತ್ತಿರ ಹೇಳುವುದು ಕೇಳಿಸಿತು. ದಿನವಿಡೀ ಜನರ ಬಾಯೊಳಗೆ ಜೊಲ್ಲೆಳೆಯುವ ಕೊಳವೆ ಹಿಡಿದು ಹಿಡಿದು ಬೆರಳು ಸತ್ತಿವೆಯಂತೆ. ಬೆಳಿಗ್ಗೆ ಒಂಬತ್ತಕ್ಕೆ ಪೈಪೋಟಿಯವರಿಗೆ ಫೋನ್ ಮಾಡಿ ಹೆಸರು ತೆಗೆಸಿಬಿಡುತ್ತಾಳಂತೆ.

"ಡಬ್ಬ ಅದೇ ಇದೆ ಅಮ್ಮ," ಎಂದಳು ಮೆಲ್ಲಗೆ. "ಹೋಗಿರೋದು ನನ್ನ ಕೈ."

ಟೈಮಪ್ಪನವರ ಜೇಬಿನಲ್ಲಿದ್ದ ಕಾಗದ ಕೆಂಡವಾಯಿತು. ಆ ಮಾತು ಅವರಿಗೆ ಹೊಸದಲ್ಲ. ಎರಡು ವರ್ಷದ ಹಿಂದೆ, ಒಂದು ಹೆಣ್ಣುಮಗಳ ಪುಟ್ಟ ಕೈಗಡಿಯಾರದ ಕೂದಲೆಳೆಯಂಥ ಸ್ಪ್ರಿಂಗು ಚಿಮಟದಲ್ಲಿ ನಾಲ್ಕನೇ ಸಲ ಮುರಿದಾಗ, ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಅವರೂ ಅದನ್ನೇ ಅಂದಿದ್ದರು. ಕೇಳಿದ್ದು ಗೋಡೆಯ ಗಡಿಯಾರಗಳು ಮಾತ್ರ. ಮನೆಗೆ ಬಂದು ಕಣ್ಣು ಎಂದು ಹೇಳಿದರು. ಮೂಗಿನ ಮೇಲಿದ್ದ ಆ ಕನ್ನಡಕದಲ್ಲಿ ಇದ್ದದ್ದು ಬರೀ ಕಿಟಕಿಯ ಗಾಜು.

ಹೇಳಿಬಿಡಬೇಕು ಎಂದು ಎದ್ದರು. ಬಾಯಿ ಏಳಲಿಲ್ಲ. ಬೆಳಿಗ್ಗೆ ಅವಳು ಹಲ್ಲುಜ್ಜುವಷ್ಟರಲ್ಲಿ ಸ್ಕ್ರೂ ಸಡಿಲಿಸಿಬಿಟ್ಟರೆ, ಕೈಯೂ ವಾಪಸ್ ಬಂದ ಹಾಗಾಯಿತು, ಮರ್ಯಾದೆಯೂ ಉಳಿದ ಹಾಗಾಯಿತು ಎಂದು ಲೆಕ್ಕ ಹಾಕಿ ಕುಳಿತುಬಿಟ್ಟರು.

ಬೆಳಿಗ್ಗೆ ಬಚ್ಚಲಿನಲ್ಲಿ ನಲ್ಲಿಯ ಸದ್ದು ಕೇಳಿದ್ದೇ ತಡ, ಮುಚ್ಚಳ ತೆಗೆದರು. ಹೆದರಿಕೆಗೋ ಏನೋ ಈ ಸಲ ಸ್ಕ್ರೂ ಮೂರೇ ನಿಮಿಷದಲ್ಲಿ ಸಿಕ್ಕಿತು. ಒಂದೂವರೆ ಸುತ್ತು ಸಡಿಲಿಸಿದರು. ಮಾಡಿದ ಪಾಪಕ್ಕೆಂದು ಇನ್ನೊಂದು ಕಾಲು ಸುತ್ತು ಸೇರಿಸಿದರು. ಮುಚ್ಚಿ, ರೆಕಾರ್ಡು ತಿರುಗಲು ಬಿಟ್ಟು, ಪರೀಕ್ಷೆಗೆಂದು ಫೇಡರಿನ ಮೇಲೆ ಒಂದೇ ಒಂದು ಬೆರಳು ಇಟ್ಟರು.

ಮನೆ ಸಿಡಿಯಿತು. ಸ್ಪೀಕರಿನಿಂದ ಸಾವಿರ ಗುಬ್ಬಿಗಳು ಒಟ್ಟಿಗೆ ತಗಡು ಕುಕ್ಕಿದ ಹಾಗೆ, ಸಣ್ಣಗೆ, ಹರಿತವಾಗಿ, ಒಂದಕ್ಕೊಂದು ಅಂಟದೆ ಸದ್ದಿನ ಚೂರುಗಳು ಸುರಿದವು. ಟೈಮಪ್ಪನವರು ಬೆರಳು ಆಡಿಸಿರಲೇ ಇಲ್ಲ. ಸುಮ್ಮನೆ ಇಟ್ಟಿದ್ದರು. ಬೆರಳು ತಾನಾಗಿಯೇ ಆಡುತ್ತಿತ್ತು.

ಬಾಯಿತುಂಬ ನೊರೆ ತುಂಬಿಕೊಂಡು ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಹೆಂಡತಿ.

"ಯಾರು ಹೊಡೆದಿದ್ದು?"

ಅವರು ಬೆರಳು ತೆಗೆದರು. ಚೂರುಗಳು ನಿಂತು ಸದ್ದು ಒಂದೇ ಧಾರೆಯಾಯಿತು. ಇಟ್ಟರು. ಮತ್ತೆ ಗುಬ್ಬಿಗಳು. ಇನ್ನು ಬಚ್ಚಿಡಲು ಜಾಗವಿರಲಿಲ್ಲ.

"ಸ್ಕ್ರೂ ಬಿಗಿ ಮಾಡಿದ್ದು ನಾನು ಕಣಮ್ಮ. ನಿನ್ನೆ," ಎಂದರು. "ನಿನ್ನ ಕೈ ಚೆನ್ನಾಗೇ ಇದೆ. ಹೋಗಿರೋದು ನಂದು. ಎರಡು ವರ್ಷ ಆಯ್ತು."

ಮಗಳು ನೊರೆ ನುಂಗಿದಳು. ಹತ್ತಿರ ಬಂದು, ಅಪ್ಪನ ಕೈಯನ್ನು ಹಕ್ಕಿಮರಿ ಎತ್ತಿದ ಹಾಗೆ ಎತ್ತಿ ಬೂದು ಡಬ್ಬದ ಫೇಡರಿನ ಮೇಲಿಟ್ಟಳು. ಬೂದು ಡಬ್ಬಕ್ಕೆ ಏನೂ ತಿಳಿಯಲಿಲ್ಲ. ಸದ್ದು ನೇರವಾಗಿ ಹರಿಯುತ್ತಲೇ ಇತ್ತು. ತಿರುಗಿ ಕರಿಯದರ ಮೇಲಿಟ್ಟಳು. ಅದು ಬೀದಿಗೆಲ್ಲ ಕೇಳುವಂತೆ ಹೇಳಿಬಿಟ್ಟಿತು.

"ಇದೇ ಇರಲಿ," ಎಂದಳು. "ಇದು ಏನನ್ನೂ ಮುಚ್ಚಿಡಲ್ಲ."

ಬೂದು ಡಬ್ಬದ ಮೇಲೆ ಟೈಮಪ್ಪನವರಿಗೆ ಆ ಹೊತ್ತಿನಲ್ಲಿ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಹೆಂಡತಿಯ ಕಡೆ ತಿರುಗಿ, ಕಣ್ಣು ಅಂತ ಹೇಳಿದ್ದು ಸುಳ್ಳು ಎಂದು ಶುರು ಮಾಡಿದರು.

"ಕಪ್-ಸಾಸರು ಬಿಟ್ಟು ನಿಮಗೆ ಲೋಟದಲ್ಲಿ ಟೀ ಕೊಡೋಕೆ ಶುರು ಮಾಡಿ ಎರಡು ವರ್ಷ ಆಯ್ತು," ಎಂದರು ಹೆಂಡತಿ. "ಯಾಕೆ ಅಂತ ಒಂದಿನ ಕೇಳಿದ್ರಾ?"

ಕಪ್ಪುಗಳೆಲ್ಲ ಒಡೆದಿರಬೇಕು ಎಂದುಕೊಂಡಿದ್ದರು ಟೈಮಪ್ಪನವರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎಲ್ಲರ ಮುಖವೂ ಮೊದಲಿನಷ್ಟೇ ಸ್ಪಷ್ಟವಾಗಿ ಕಂಡಿತು, ಅದೇ ಕಷ್ಟ.

ಶನಿವಾರ ಬೂದು ಡಬ್ಬ ವಾಪಸ್ ಹೋಯಿತು. ಭಾನುವಾರ ಕರಿ ಡಬ್ಬದೊಂದಿಗೆ ಹೋದ ಮಗಳು ಹನ್ನೊಂದು ಜನರಲ್ಲಿ ಮೂರನೆಯವಳಾಗಿ ಬಂದಳು. ಮೊದಲಿನವನೂ ಎರಡನೆಯವನೂ ಬೆರಳಿನ ವೇಗದಲ್ಲಿ ಗೆದ್ದರಂತೆ. ನಮ್ಮಪ್ಪ ಬಂದಿದ್ದರೆ ಕಥೆ ಬೇರೆ ಇತ್ತು ಎಂದು ಅಲ್ಲಿ ಹೇಳಿ ಬಂದಳಂತೆ. ಅವತ್ತಿನ ಸಂಜೆ ಹೆಂಡತಿ ಕಪಾಟಿನ ಮೇಲಿನ ಅರೆಯಿಂದ ಕಪ್-ಸಾಸರು ಇಳಿಸಿ, ಧೂಳು ತೊಳೆದು, ಟೀ ತಂದು ಗಂಡನ ಕೈಗೆ ಕೊಟ್ಟರು. ಪಿಂಗಾಣಿ ಕಟಕಟ ಅನ್ನತೊಡಗಿತು. ಮೂವತ್ತು ವರ್ಷ ಎಲ್ಲ ಸದ್ದಿಗೂ ತುಟಿಯ ಮೇಲೆ ಬೆರಳಿಟ್ಟ ಹೆಂಗಸು ಅವತ್ತು ಬೆರಳೆತ್ತಲಿಲ್ಲ.

ಒಳಕೋಣೆಯಲ್ಲಿ ಕರಿ ಡಬ್ಬ ಬಡಿಯುತ್ತಿದ್ದ ಮಗಳು ತಟ್ಟನೆ ನಿಲ್ಲಿಸಿ ಕೂಗಿದಳು:

"ಸ್ವಲ್ಪ ನಿಧಾನ ಅಪ್ಪಾ, ನನಗೆ ಹಿಡಿಯೋಕೆ ಆಗ್ತಿಲ್ಲ."