ಎದುರು ಮನಿ ಕೂಸಿಗೆ ಒಂದು ಹಕ್ಕಿ

ಎದುರು ಮನ್ಯಾಗ ಏನಾರ ಒಂದು ಆಗದಿದ್ರ ನನಗ ಮುಂಜಾನಿ ಚಹಾ ರುಚಿ ಹತ್ತೂದಿಲ್ಲ. ಶಿವನ ದಯೆ, ಬೈಲಹೊಂಗಲದ ಈ ಓಣಿಗೆ ಸೊಸಿಯಾಗಿ ಬಂದಾಗಿಂದ ನಾ ಒಂದ ದಿನಾನೂ ಸಪ್ಪನ ಚಹಾ ಕುಡದಿಲ್ಲ. ಅವರ ಬಾಗಲಾ, ನನ್ನ ಕಟ್ಟಿ ಎದುರಾಬದುರು. ನಾ ಏನ ಕದ್ದು ನೋಡಾಕಿ ಅಲ್ಲ. ಕಣ್ಣು ತಗದ್ರ ಕಾಣತೈತಿ, ಕಿವಿ ಇದ್ದಮ್ಯಾಲ ಕೇಳತೈತಿ. ನಾಕನೇ ಇಯತ್ತೆಗೆ ಸಾಲಿ ಬಿಟ್ಟಾಕಿ ನಾನು. ಬರಿಯೂದು ಅಷ್ಟಕ್ಕಷ್ಟ, ಆದ್ರ ನೋಡಿದ್ದು ಮರಿಯೂದಿಲ್ಲ.

ಆ ಮನಿ ಯಜಮಾನ ಊರಾಗ ಭಾಳ ದೊಡ್ಡ ಶರಣ. ಅವನ ಹೆಂಡತಿ ಹಿರಿಯಾಕಿ, ಆಕಿ ಅವನಕಿಂತ ದೊಡ್ಡ ಶರಣಿ. ಅವರ ಮಗ ಸಾಲಿ ಮಾಸ್ತರ, ಅವನ ಹೆಂಡತಿ ಯರಗಟ್ಟಿ ಕಡೆ ಹೆಣ್ಣು. ಇವರ ನಡುವ ಒಂದನೇ ಇಯತ್ತೆಗೆ ಹೋಗೂ ಒಂದ ಹೆಣ್ಣ ಕೂಸು.

ಕೂಸು ಸಾಲಿಗೆ ಹೋಗೂ ಹೊತ್ತಿಗೆ ದಿನಾ ಬಾಗಲ ಚೌಕಟ್ಟ ಹಿಡಕೊಂಡು ಒದರತಿತ್ತು. ಊರ ಮಂದಿ ಮಕ್ಕಳನ್ನೆಲ್ಲಾ ಕಣ್ಣಾಗ ಸುಮ್ಮನ ಕುಂಡ್ರಸೂ ಮಾಸ್ತರ ತನ್ನ ಕೂಸಿಗೆ ಸೋತ. "ಅಳದ ಸಾಲಿಗೆ ಹೋದಿ ಅಂದ್ರ ಒಂದ ಹಕ್ಕಿ ಕೊಡಸತೇನಿ. ನಿನ್ನ ಸ್ವಂತದ್ದು" ಅಂದ. ಮರುದಿನದಿಂದ ಕೂಸು ಕಣ್ಣಾಗ ನೀರ ತುಂಬಿಕೊಂಡು, ತುಟಿ ಕಚ್ಚಿ ಹಿಡಕೊಂಡು, ಅಳದ ಹೋಗಾಕ ಹತ್ತಿತು. ಆ ಮನ್ಯಾಗ ಕೊಟ್ಟ ಮಾತು ಉಳಿಸಿಕೊಂಡದ್ದು ಅದೊಂದ.

ಮುದ್ದು ಮಾಡೂ ಹಕ್ಕಿ

ಮಾಸ್ತರ ಮೊಬೈಲ್ ನೋಡಿ ನೋಡಿ, "ಸಣ್ಣ ಮಕ್ಕಳಿಗೆ ಲವ್ ಬರ್ಡ್ಸ ಚಲೋ. ಗದ್ದಲ ಇಲ್ಲ, ಕಚ್ಚೂದಿಲ್ಲ" ಅಂತ ಮನಿ ಮಂದಿಗೆಲ್ಲಾ ಪಾಠಾ ಹೇಳಿ, ಸವದತ್ತಿಯಿಂದ ಒಂದ ಜೋಡಿ ತಂದು ಪಡಸಾಲ್ಯಾಗ ಪಂಜರಾ ತೂಗಬಿಟ್ಟ. ಸಂಜಿ ಆಗೂದ್ರಾಗ ಹಕ್ಕಿ ಕಚ್ಚಿದ ಅವನ ಬೆರಳಿಗೆ ಚಿಂದಿ ಸುತ್ತಿತ್ತು. ಗದ್ದಲಂತೂ ನನ್ನ ಕಟ್ಟಿಮಟ ಬರತಿತ್ತು.

ಆವಾಗ ಮಾಸ್ತರನ ತಂಗೀದು ಇನ್ನೂ ಲಗ್ನ ಆಗಿದ್ದಿಲ್ಲ. ರಾಮದುರ್ಗದಿಂದ ಕನ್ಯಾ ನೋಡಾಕ ಮಂದಿ ಬಂದ್ರು. ಅವಲಕ್ಕಿ ಕೊಡಾಕ ನನ್ನೂ ಕರದಿದ್ರು, ಕರೀದಿದ್ರೂ ಹೋಗತಿದ್ದೆ. ಹುಡುಗಿ ತಲಿ ತಗ್ಗಿಸಿ ಮಣಿ ಮ್ಯಾಲ ಕುಂತೈತಿ. ಸರೀ ಆಕಿ ನೆತ್ತಿ ಮ್ಯಾಲ ಪಂಜರಾ. ಪಂಜರದಾಗ ಎರಡೂ ಹಕ್ಕಿ ಚುಂಚಿಗೆ ಚುಂಚ ಹಚ್ಚಿ ಮುದ್ದಾಡಾಕ ಹತ್ತ್ಯಾವು. ಬಿಡವಲ್ಲವು! ವರನ ಬಾಯಾಗಿನ ಅವಲಕ್ಕಿ ಅಲ್ಲೇ ನಿಂತಿತು.

ಹಿರಿಯಾಕಿಗೆ ಮೈ ಉರೀತು. ಬಾಜೂಕ ಕುಂತಿದ್ದ ವರನ ಸೋದರಮಾವನ ಹೆಗಲ ಮ್ಯಾಲಿನ ಶಾಲು ಜಗ್ಗಿ ಪಂಜರಕ್ಕ ಹೊಚ್ಚಿದ್ಲು. ಒಳಗ ಕತ್ತಲಿ ಆತು ನೋಡ್ರಿ, ಚಿವ್ ಚಿವ್ ಇನ್ನೂ ಜೋರ ಆತು. ಕಾಣತಿದ್ದಾಗ ಬರೇ ಮುದ್ದು ಇತ್ತು, ಈಗ ಉಳಿದದ್ದನ್ನ ಮಂದಿ ತಮ್ಮ ತಮ್ಮ ತಲ್ಯಾಗ ಮಾಡಿಕೊಂಡ್ರು.

ವರನ ತಾಯಿ ಕಪ್ಪು ಇಟ್ಟು ಕೇಳಿದ್ಲು, "ಮನಿ ಹೆಣ್ಣ ಮಕ್ಕಳ ಮುಂದನೂ ಇವು ಹಿಂಗ ಇರತಾವೇನ್ರಿ?"

ಸಂಬಂಧ ಮುರೀತು. ಹಕ್ಕಿ ಮರುದಿನಾ ಸವದತ್ತಿಗೆ ವಾಪಸ್ ಹೋದ್ವು. ಹುಡುಗಿ ನನ್ನ ಹಂತ್ಯಾಕ ಬಂದು, "ಚಲೋ ಆತ ಬಿಡ್ರಿ ಕಾಕು. ಆ ವರಾ ಹಕ್ಕಿಗೋಳ್ನ ನೋಡೂ ಹೊತ್ತಿನ್ಯಾಗ ನನ್ನ ಮಾರಿ ಸುದ್ದಾ ನೋಡಲಿಲ್ಲ" ಅಂದ್ಲು. ಮುಂದ ಆಕೀಗೆ ಬ್ಯಾರೇ ಕಡೆ ಚಲೋ ಮನಿ ಸಿಕ್ಕಿತು. ಹಕ್ಕಿ ಇಲ್ಲದ ಮನಿ.

ಶಾಸ್ತ್ರದ ಗಿಳಿ

"ನಿನಗ ತಿಳಿಯೂದಿಲ್ಲ, ನಾ ತರತೇನಿ" ಅಂತ ಯಜಮಾನ ಎದ್ದ. ಉಗರಗೋಳದಾಗ, ಯಲ್ಲಮ್ಮನ ಗುಡ್ಡಕ್ಕ ಹೋಗೂ ಮಂದೀಗೆ ಗಿಳಿಶಾಸ್ತ್ರ ಹೇಳವ ಒಬ್ಬ ಇದ್ದ. ಅವನ ಗಿಳಿಗೆ ವಯಸ್ಸಾಗಿ ಕಸಬು ಬಿಡಿಸಿದ್ದ. ಅದನ್ನ ಯಜಮಾನ ತಂದ. ಶಾಂತ ಗಿಳಿ. ಕೂಸು ಬಾಗಲಾ ತಗದ್ರ ಹೊರಗ ಬಂದು, ಅತ್ತ ಇತ್ತ ನೋಡಿ, ಒಂದ ಕಾಳು ತಿಂದು, ತಾನ ಒಳಗ ಹೋಗತಿತ್ತು.

ಇಲ್ಲೊಂದ ಮಾತು ಹೇಳಬೇಕು. ಯಜಮಾನಗ ಮೊದಲ ಇಸ್ಪೀಟಿನ ಚಟಾ ಭಾಳ ಇತ್ತು. ಹೋದ ವರ್ಷ ಹುಣ್ಣಿವಿಗೆ ಯಲ್ಲಮ್ಮನ ಗುಡ್ಡದಾಗ ನಿಂತು, "ಇನ್ನ ಎಲಿ ಮುಟ್ಟೂದಿಲ್ಲ" ಅಂತ ಆಣಿ ಮಾಡಿದ್ದ. ಹಿರಿಯಾಕಿ ಅದನ್ನ ಓಣಿಗೆಲ್ಲಾ ಸಕ್ಕರಿ ಹಂಚಿದಂಗ ಹಂಚಿದ್ಲು. "ನಮ್ಮವರು ಪೂರಾ ಬದಲ ಆಗ್ಯಾರ್ವಾ. ಮಧ್ಯಾಹ್ನ ಗಾದಿ ಮ್ಯಾಲ ಕುಂತು ಬರೇ ಧ್ಯಾನಾ!"

ಒಂದ ದಿವಸ ಹಿರಿಯಾಕಿ ಪಡಸಾಲ್ಯಾಗ ಅಕ್ಕಿ ಹಸನ ಮಾಡಾಕ ಹತ್ತಿದ್ಲು. ನಾನೂ ಕೈ ಹಚ್ಚಿದ್ದೆ. ಯಜಮಾನ ಗಾದಿ ಮ್ಯಾಲ ಧ್ಯಾನದಾಗ ಇದ್ದ. ಕೂಸು ಪಂಜರಾ ತಗೀತು. ಗಿಳಿ ಹೊರಗ ಬಂದು, ಕತ್ತ ಸೊಟ್ಟ ಮಾಡಿ, ಗಾದಿ ತಳಗ ಏನೋ ಒಂದರ ತುದಿ ಕಂಡು, ನೆಟ್ಟಗ ಹೋಗಿ ಚುಂಚಿನ್ಯಾಗ ಜಗ್ಗಿ, ತಂದು ಹಿರಿಯಾಕಿ ಮುಂದ ಇಟ್ಟು, ಕಾಳಿಗೆ ಬಾಯಿ ತಗದ ನಿಂತಿತು. ಅದರ ಜೀವಮಾನದ ಕೆಲಸಾನ ಅದು, ಪಾಪ.

ಇಸ್ಪೀಟ ಎಕ್ಕಾ!

"ಏನ್ರಿ ಇದು?" ಅಂದ್ಲು ಹಿರಿಯಾಕಿ.

ಯಜಮಾನ ಕಣ್ಣ ತಗೀದನ, "ಅದರ ಹಳೇ ಮಾಲಕಂದು ಇರಬೇಕು" ಅಂದ.

ಕೂಸಿಗೆ ಖುಷಿ ಆತು. ಒಂದ ಕಾಳ ಕೊಟ್ಟಿತು. ಗಿಳಿ ಮತ್ತ ಹೋಗಿ ಮತ್ತೊಂದ ಎಲಿ ತಂತು. ಕಾಳ ಕೊಟ್ಟಂಗ ಎಲಿ ಬಂದ್ವು. ರಾಜಾ ಬಂದ, ರಾಣಿ ಬಂದ್ಲು, ಗುಲಾಮ ಬಂದ. ಗಾದಿ ತಳಗ ದರಬಾರ ಇತ್ತು.

ಯಜಮಾನ ಧಡ್ಡನ ಎದ್ದ. "ಗಿಳಿ ಸಾಕೂದು ಕಾಯ್ದೇಕ ವಿರುದ್ಧ ಐತಿ! ಗೊತ್ತೈತೇನ ನಿಮಗ? ಜೇಲ ಆಗತೈತಿ!" ಅಷ್ಟ ದಿನಾ ನೆಪ್ಪಾಗದ ಕಾಯ್ದೆ ಒಮ್ಮಿಗೇ ನೆಪ್ಪಾತು. ಅವತ್ತಿನ ಬಸ್ಸಿಗೇ ಹೋಗಿ ಗಿಳಿ ಕೊಟ್ಟು ಬಂದ.

ಗಿಳಿ ಮುಂದ ಆಗೂದನ್ನ ಹೇಳತೈತಿ ಅಂತಾರ. ಇದು ಹಿಂದ ಆಗಿದ್ದನ್ನ ಅಷ್ಟ ಹೇಳಿತು. ಮುಂದ ಆಗೂದನ್ನ ಹಿರಿಯಾಕಿ ಹೇಳಿದ್ಲು.

ಮನಿ ನೆಪ್ಪಿನ ಪಾರಿವಾಳ

ಆಮ್ಯಾಲ ಮಾಸ್ತರ ಕಿತ್ತೂರಿಂದ ಒಂದ ಜೋಡಿ ಪಾರಿವಾಳ ತಂದ. ಕೊಟ್ಟವ, "ಸರ, ಭಾಳ ಹುಷಾರ ಹಕ್ಕಿ ಅದಾವ್ರಿ" ಅಂದಿದ್ನಂತ. ಮಾಳಿಗಿ ಮ್ಯಾಲ ಬುಟ್ಟಿ ತಗದ್ರು. ಪಾರಿವಾಳ ಒಂದ ಸುತ್ತ ಹಾಕಿದ್ವು, ಕಿತ್ತೂರ ದಿಕ್ಕ ಹಿಡದ್ವು.

ಮಾಸ್ತರ ಫೋನ್ ಹಚ್ಚಿ, "ನಿಮ್ಮ ಪಾರಿವಾಳ ಹಾರಿ ಹೋದ್ವಲ್ರಿ!" ಅಂತ ಒದರಿದ.

"ಕಾಳಜಿ ಮಾಡಬ್ಯಾಡ್ರಿ ಸರ. ಆರಾಮ ಬಂದು ಮುಟ್ಟ್ಯಾವ್ರಿ" ಅಂತ ಅತ್ತಕಡಿಂದ.

ಮಾಸ್ತರ ಬಸ್ಸ ಹತ್ತಿ ಹೋಗಿ ಮತ್ತ ತಂದ. ಮತ್ತ ಹಾರಿದ್ವು. ಎರಡನೇ ಸಲ ಹೋದಾಗ ಆ ಪುಣ್ಯಾತ್ಮ ಕುಂಡ್ರಾಕ ಖುರ್ಚಿ ಕೊಟ್ಟು, "ಸರ, ನೀವ ಯಾಕ ತ್ರಾಸ ತಗೋತೀರಿ? ಅವಕ ಹಾದಿ ಗೊತ್ತೈತ್ರಿ" ಅಂದ್ನಂತ.

ಮರುದಿನಾ ಕೂಸು ಮತ್ತ ಚೌಕಟ್ಟ ಹಿಡೀತು. "ನಾ ಅಳದ ಹೋದೆ ಪಪ್ಪಾ. ನನ್ನ ಹಕ್ಕಿ ಎಲ್ಲೈತಿ?" ಮಾಸ್ತರ ಚೀಲಾ ಹೆಗಲಿಗೆ ಹಾಕಿ, ಕೂಸಿನಕಿಂತ ಮೊದಲ ತಾನ ಸಾಲಿಗೆ ಓಡಿದ.

ಪರದೇಶದ ಹಕ್ಕಿ

ಕಡೀಕ ಸೊಸಿ ಎದ್ಲು. ತವರಿಗೆ ಹೋದಾಕಿ ಯರಗಟ್ಟಿ ಸಂತ್ಯಾಗಿಂದ ಒಂದ ಮರಿ ತಂದ್ಲು. ಅಂಗೈಯಷ್ಟ ಮರಿ, ಸುಡಗಾಡ ಗುಲಾಬಿ ಬಣ್ಣ. ಬುಟ್ಟ್ಯಾಗ ಹಸರು, ನೀಲಿ ಎಲ್ಲಾ ಇದ್ವಂತ. ಮಾರವ, "ಅಕ್ಕಾರ, ಇದು ಬೆಳ್ಯೂದಿಲ್ರಿ, ಇದ್ದಷ್ಟ ಇರತೈತಿ" ಅಂದಿದ್ನಂತ.

ನಾ ನೋಡಿದ ಕೂಡಲೆ ನನಗ ಗೊತ್ತಾತು ಅದೇನ ಅಂತ. ಹೇಳಲಿಲ್ಲ. ಯಾಕ ಹೇಳಲಿ? ನಾಟಕದ ಮೊದಲನೇ ಅಂಕದಾಗ ಎದ್ದ ನಿಂತು ಕಡೀ ಅಂಕ ಒದರೂದು ಚಲೋ ಮಂದಿ ಲಕ್ಷಣ ಅಲ್ಲ.

ಕೂಸು ಅದಕ ಗುಲಾಬಿ ಅಂತ ಹೆಸರಿಟ್ಟಿತು. ದಿನಾ ಮುಂಜಾನಿ ತನಗ ವಿಭೂತಿ ಹಚ್ಚಿದ ಮ್ಯಾಲ ಅದರ ಹಣಿಗೂ ಒಂದ ಬೊಟ್ಟ ಹಚ್ಚತಿತ್ತು. ಹಿರಿಯಾಕಿ ಎಲ್ಲಾರ ಮುಂದ, "ಎಂಥಾ ಸಾತ್ವಿಕ ಹಕ್ಕಿ ನೋಡ್ರಿ, ಬರೇ ಕಾಳು ತಿಂತೈತಿ" ಅಂತಿದ್ಲು. ಒಮ್ಮೆ ಹಂಗ ಅಂದ ಹೊತ್ತಿಗೆ ಅದು ಒಂದ ಜೊಂಡಿಗ್ಯಾ ಹುಳಾ ಹಿಡದು ನುಂಗಿತು. ಹಿರಿಯಾಕಿ ಆಕಾಶ ನೋಡಿದ್ಲು.

ಬಣ್ಣ ಉದುರಿತು. ಕೆಂಪ ಗರಿ ಬಂದ್ವು. ನೆತ್ತಿ ಮ್ಯಾಲ ಜುಟ್ಟು ಎದ್ದಿತು. ಓಣ್ಯಾಗಿನ ಸಣ್ಣ ಹುಡುಗೂರಿಗೂ ಗೊತ್ತಾತು ಅದು ಕೋಳಿ ಅಂತ. ಆ ಮನ್ಯಾಗ ಮಾತ್ರ ಒಬ್ರೂ ಆ ಹೆಸರ ಬಾಯಾಗ ತರಲಿಲ್ಲ. ಹೆಸರ ಹೇಳಿದ್ರ ಅಲ್ಲೇನು ಮೈಲಿಗಿ? ಹೇಳದಿದ್ರ ಹಕ್ಕಿ. ಬಂದವರು ಕೇಳಿದ್ರ ಹಿರಿಯಾಕಿ, "ಅದು ಪರದೇಶದ್ದವಾ" ಅಂತಿದ್ಲು.

ಪರದೇಶದ ಹಕ್ಕಿ ದಿನಾ ನಮ್ಮ ತಿಪ್ಪಿ ಕೆದರತಿತ್ತು.

ಹಿತ್ತಲ ಮಾಡದ ತತ್ತಿ

ಒಂದ ಮುಂಜಾನಿ ಗುಲಾಬಿ ಓಣಿ ಕಿತ್ತ ಹೋಗೂಹಂಗ ಒದರಿ ಒಂದ ತತ್ತಿ ಇಟ್ಟಿತು. ತತ್ತಿ ಬಿದ್ದ ಮ್ಯಾಲ ಪರದೇಶ ಎಲ್ಲೀದು! ಹಿರಿಯಾಕಿ ಓಡಿ ಬಂದು ನನ್ನ ಕೈ ಹಿಡದು, "ಯಾರ ಮುಂದೂ ಹೇಳಬ್ಯಾಡವಾ, ನಮ್ಮ ಮನಿ ಮಾನಾ ಹೋಗತೈತಿ" ಅಂದ್ಲು.

"ನಾ ಯಾಕ ಹೇಳಲಿ?" ಅಂದೆ. ಆಕಿ ಹೊಳ್ಳಿ ತನ್ನ ಮನಿ ಹೊಸ್ತಿಲಾ ಮುಟ್ಟೂದ್ರಾಗ ನಳದ ಕಟ್ಟಿಮಟ ಸುದ್ದಿ ಮುಟ್ಟಿತ್ತು.

ಹಿರಿಯಾಕಿ ಹುಕುಂ ಮಾಡಿದ್ಲು. ಒಂದು, ತತ್ತಿ ಮನಿಯವರು ಯಾರೂ ಮುಟ್ಟಬಾರದು. ಹಿತ್ತಲ ಗ್ವಾಡಿ ಮಾಡದಾಗ, ಆ ದೀಪಾ ಇಡೂ ಗೂಡಿನ್ಯಾಗ, ಗುಲಾಬಿ ಇಟ್ಟಿದ್ದನ್ನ ಕೆಲಸದಾಕಿ ಒಯ್ಯಬೇಕು. ಎರಡು, ದೇಗಾಂವದಾಗ ಅವರ ಹೊಲಾ ಮಾಡವ ಸುಗ್ಗಿ ಮುಗದ ಮ್ಯಾಲ ಬಂದು ಕೋಳಿ ಒಯ್ಯಬೇಕು.

ಕೂಸು ಅವತ್ತು ಉಣ್ಣಲಿಲ್ಲ. ಹಿರಿಯಾಕಿ ಸೆರಗ ಹಿಡದು, "ಗುಲಾಬಿ ಕಳಸಬ್ಯಾಡ ಆಯಿ. ನಾ ತತ್ತಿ ತಿನ್ನೂದಿಲ್ಲ. ಸಾಲ್ಯಾಗ ಕೊಟ್ರೂ ತಗೋಳೂದಿಲ್ಲ, ಬಾಳಿಹಣ್ಣ ತಿಂತೇನಿ. ಆಣಿ" ಅಂತು. ಹಿರಿಯಾಕಿ ಕರಗಲಿಲ್ಲ. "ಧರ್ಮ ಅಂದ್ರ ಧರ್ಮ" ಅಂದ್ಲು.

ಸ್ವಲ್ಪ ದಿನಕ್ಕ ಕೆಲಸದಾಕಿ ನನ್ನ ಕಟ್ಟಿಗೆ ಬಂದು, "ಕಾಕು, ತತ್ತಿ ಒಯ್ಯಿ ಅಂತಾರ, ನಾ ಹೋಗೂದ್ರಾಗ ಮಾಡ ದಿನಾ ಖಾಲಿ!" ಅಂದ್ಲು.

ಹೌದಾ? ನಾ ಮೆಣಸಿನಕಾಯಿ ಒಣಗಸಾಕ ಮಾಳಿಗಿ ಹತ್ತಿದೆ. ಅಲ್ಲಿಂದ ಅವರ ಹಿತ್ತಲಾ ಅಂಗೈಯಾಗ ಇದ್ದಂಗ ಕಾಣತೈತಿ. ಬಿಸಲ ಕಡಕ ಇತ್ತು, ಆದ್ರೂ ಈ ಸಲ ಮೆಣಸಿನಕಾಯಿ ಒಣಗಾಕ ಭಾಳ ದಿನಾ ಹಿಡೀತು.

ಮೊದಲ ಮಾಸ್ತರ ಸಿಕ್ಕ. ತತ್ತಿ ಅಂಗಿ ಕಿಸೇದಾಗ ಇಟಗೊಂಡು, ಬಸುರಿ ನಡದಂಗ ಸಾವಕಾಶ ಸಾಲಿಗೆ ಹೋದ. ಮತ್ತೊಂದ ದಿನಾ ಸೊಸಿ. ಕೇಳಿದ್ರ, "ಕೂದಲಿಗೆ ಹಚ್ಚಾಕ್ರಿ ಕಾಕು" ಅಂದ್ಲು. ಆಕಿ ಕೂದಲಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಒಗ್ಗರಣಿ ವಾಸನಿ ಬರತಿತ್ತು. ಯಜಮಾನಂತೂ ಮಾಡದ ಮುಂದ ನಿಂತು ತತ್ತಿ ಒಡದು, ಹಸೀದ ಗುಟಕ್ಕನ ಕುಡದು, ಬಾಯಿ ತೊಳಕೊಂಡು, ಹೊಸಾ ವಿಭೂತಿ ಹಚ್ಚಿಕೊಂಡು ಒಳಗ ಹೋದ.

ಹಿರಿಯಾಕಿ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಅದೊಂದ ಕೊರಗ ಉಳೀತು.

ಸುಗ್ಗಿ ಮುಗೀತು. ದೇಗಾಂವದವ ಬುಟ್ಟಿ ತಗೊಂಡ ಬಂದ. ಕೂಸು ಗುಲಾಬೀನ ಎದಿಗೆ ಒತ್ತಿ ಹಿಡಕೊಂಡು ಹೊಸ್ತಿಲ ಮ್ಯಾಲ ಕುಂತಿತ್ತು. ಅಳಲಿಲ್ಲ, ತುಟಿ ಕಚ್ಚಿತ್ತು. ನಾಕೂ ಮಂದಿ ಹಿಂದ ನಿಂತಿದ್ರು. ನಾನೂ ಬುಟ್ಟಿ ನೋಡೂ ನೆವದಾಗ ಹೋದೆ.

ಅಂವ ಕೋಳಿ ಎದಿ ಮುಟ್ಟಿ ನೋಡಿ, "ತತ್ತಿ ಹೆಂಗ ಇರತಾವ್ರಿ ಯಜಮಾನ್ರ?" ಅಂದ.

"ನಮಗೇನ ಗೊತ್ತೋ? ನಾವು ಅತ್ತ ಹೊಳ್ಳಿ ಸುದ್ದಾ ನೋಡೂದಿಲ್ಲ" ಅಂದ ಯಜಮಾನ.

"ಬಡಕಲ ಐತ್ರಿ. ಇಂಥಾ ಬಣ್ಣದ ಕೋಳಿ ತತ್ತ್ಯಾಗ ಏನೂ ಇರೂದಿಲ್ರಿ. ಬರೇ ನೀರು."

ಹಿರಿಯಾಕಿಗೆ ತನ್ನ ಮನಿ ಸಾಮಾನಿಗೆ ಯಾರಾರ ಕೊಂಕ ತಗದ್ರ ಸಹನ ಆಗೂದಿಲ್ಲ, ಅದು ಉಪ್ಪಿನಕಾಯಿ ಇರಲಿ, ಎಮ್ಮಿ ಇರಲಿ. ಮುಂದ ಬಂದು ಟೊಂಕದ ಮ್ಯಾಲ ಕೈ ಇಟ್ಲು. "ಏನಂದಿ? ನೀರಾ? ನಮ್ಮ ಗುಲಾಬಿ ತತ್ತೀಗೆ? ಒಳಗ ಹಳದಿ ಹೆಂಗ ಇರತೈತಿ ಗೊತ್ತೈತೇನ ನಿನಗ? ಶಿರಾ ಇದ್ದಂಗ ಇರತೈತಿ! ಮ್ಯಾಲ ಚೂರ ಉಪ್ಪು, ಮೆಣಸಿನಪುಡಿ..."

ಅಲ್ಲಿಗೆ ನಿಂತ್ಲು.

ಯಜಮಾನ ಕೈ ಎತ್ತಿ, "ಹಂಗಾರ ಮೊನ್ನೆ ಸ್ವಾಮವಾರ ಮಾಡ ಖಾಲಿ ಇದ್ದದ್ದು..." ಅಂದ.

"ನೀವ್ಯಾಕ ಮಾಡಕ್ಕ ಹೋಗಿದ್ರಿ?" ಅಂದ್ಲು ಹಿರಿಯಾಕಿ.

ಮಾಸ್ತರ, "ಅವ್ವಾ, ನನ್ನ ತತ್ತಿ ನೀ ತಿಂದೇನು?" ಅಂದ. ಸೊಸಿ, "ನಿಮ್ಮ ತತ್ತಿ? ನಿಮ್ಮದ ಯಾವಾಗ ಆತ್ರಿ?" ಅಂದ್ಲು. ದೇಗಾಂವದವ ಒಬ್ಬೊಬ್ಬರ ಮಾರಿ ನೋಡಿ, ಪಾಪ, ಬುಟ್ಟಿ ಬೆನ್ನ ಹಿಂದ ಮುಚ್ಚಿಟಗೊಂಡ.

ಕೂಸು ತಲಿ ಎತ್ತಿ, "ಹಂಗಾರ ಗುಲಾಬಿ ಇರತೈತೇನ ಆಯಿ?" ಅಂತ ಕೇಳಿತು.

ಹಿರಿಯಾಕಿ ಸೆರಗ ಸರಿ ಮಾಡಿಕೊಂಡು, ನನ್ನ ಕಡೆ ನೋಡದ, "ಇರಲಿ ಬಿಡವಾ. ಕೂಸಿನ ಮನಸ ನೋಯಸೂದೂ ಪಾಪನ ಅಲ್ಲೇನು" ಅಂದ್ಲು. ಆಮ್ಯಾಲ ದೇಗಾಂವದವಂಗ ಸಣ್ಣ ಧ್ವನಿ ಮಾಡಿ, "ಬರೂವಾಗ ಇಂಥಾವ ಇನ್ನೂ ಮೂರ ತಗೊಂಡ ಬಾರಪಾ. ಒಂದ ಇದ್ರ ಗುಲಾಬಿಗೆ ಬ್ಯಾಸರ ಆಗತೈತಿ" ಅಂದ್ಲು.

ಈಗ ಆ ಮನ್ಯಾಗ ನಾಕ ಪರದೇಶದ ಹಕ್ಕಿ ಅದಾವು, ಒಬ್ಬೊಬ್ಬರಿಗೆ ಒಂದ. ಕೂಸು ಅಳದ ಸಾಲಿಗೆ ಹೋಗತೈತಿ. ಅಲ್ಲಿ ತತ್ತಿ ಕೊಡಾಕ ಬಂದ್ರ, "ನಮ್ಮ ಮನ್ಯಾಗ ಯಾರೂ ತಿನ್ನೂದಿಲ್ರಿ" ಅಂತ ಹೇಳಿ ಬಾಳಿಹಣ್ಣ ತಗೋತೈತಿ.