ಬೆನಕಪ್ಪನ ಹುಲ್ಲುಹಾಸು

ಮಾತಿಗೊಂದು ಮಾತು ಇರಲಿ ಎಂದಷ್ಟೇ ಬೆನಕಪ್ಪ ಅಂದದ್ದು: "ಈ ಸಲ ಹುಲ್ಲುಹಾಸಿನಾಗೆ ಕಳೆ ಹುಟ್ಟಾಕೆ ಮುಂಚೇನೇ ಏನಾದ್ರೂ ಮಾಡ್ಬೇಕು ನೋಡ್ರಿ."

ಅಂದದ್ದು ಪಕ್ಕದ ಮನೆಯ ಹುಚ್ಚರಾಯಪ್ಪನ ಹತ್ತಿರ. ಇನ್ನೊಬ್ಬರ ಕೆಲಸ ಎಂದರೆ ಉಣ್ಣುವ ಎಲೆ ಬಿಟ್ಟು ಏಳುವ ಮನುಷ್ಯ ಅವನು.

ಶಿಕಾರಿಪುರದ ಆ ಬೀದಿಯಲ್ಲಿ ಮನೆ ಮುಂದೆ ಗರಿಕೆ ನೆಟ್ಟು, ಬ್ಲಾಕ್ ಆಫೀಸಿನ ಸಾಹೇಬರ ಬಂಗಲೆಯಲ್ಲಿರುವಂಥ ಹಾಸು ಮಾಡಿಕೊಂಡವನು ಬೆನಕಪ್ಪ ಒಬ್ಬನೇ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಾಡುವವರಿರಲಿಲ್ಲ. ಹೋದ ಮಳೆಗಾಲದಲ್ಲಿ ಹಾಸಿನ ತುಂಬ ಕಳೆ ಎದ್ದಾಗ ಬೀದಿಯವರೆಲ್ಲ ಅಯ್ಯೋ ಪಾಪ ಎಂದು ಬಂದು, ಕುಕ್ಕರಗಾಲಲ್ಲಿ ಕೂತು ಕಿತ್ತರು. ಕಿತ್ತಷ್ಟೂ ಮಾತು. ಚಹಾದ ಪಾತ್ರೆ ಒಲೆಯಿಂದ ಇಳಿಯಲೇ ಇಲ್ಲ. ಅಂಥದೇ ಮಳೆಗಾಲಕ್ಕೆ ಅವನು ಬೇಸಿಗೆಯಿಡೀ ಕಾದಿದ್ದ. ಬಾಯಲ್ಲಿ ಬೈದರೂ ಬೆನಕಪ್ಪನಿಗೆ ಕಳೆ ಬೇಕಿತ್ತು.

"ಸುಟ್ಬಿಡಾಣ!" ಎಂದ ಹುಚ್ಚರಾಯಪ್ಪ. "ನಮ್ ಉಳವಿ ಕಡೆ ಭತ್ತದ ಸಸಿಮಡಿ ಸುಡಾದು ಹಿಂಗೇ. ತರಗೆಲೆ ಹರವಿ ಬೆಂಕಿ ಹಾಕಿದ್ರೆ ಕಳೆಬೀಜ ಹುರಿದು ಹೋಗ್ತವೆ. ಗರಿಕೆ ಬೇರು ಸಾಯಾದಿಲ್ಲ, ಮಳೆ ಬಿದ್ದ ಕೂಡ್ಲೆ ಚಿಗುರ್ತದೆ."

"ಇವತ್ತೇ ಯಾಕ್ರೀ..."

"ಇವತ್ತು ಗಾಳಿ ಇಲ್ಲ. ನೀವು ಸುಮ್ನೆ ಕೂತ್ಕಳಿ."

ಬೀದಿಯವರು ಬುಟ್ಟಿಗಟ್ಟಲೆ ತರಗೆಲೆ ತಂದು ಸುರಿದರು. ಹುಚ್ಚರಾಯಪ್ಪ ಕಡ್ಡಿ ಗೀರಿದ ಮೇಲೆ ಗಾಳಿ ಎದ್ದಿತು. ಬೆಂಕಿ ಹಾಸು ದಾಟಿ ಬೇಲಿಗೆ ಹತ್ತಿತು, ಬೇಲಿಯಿಂದ ಅಲ್ಲಿ ಒಣಹಾಕಿದ್ದ ಪಂಚೆಗೆ. ಕೊಡಪಾನ, ಚರಿಗೆ ಹಿಡಿದು ಜನ ಓಡಿಬಂದರು. ಎದುರುಮನೆಯ ದ್ಯಾಮಮ್ಮ ಗಡಿಬಿಡಿಯಲ್ಲಿ ಮಜ್ಜಿಗೆಯ ಗಡಿಗೆಯನ್ನೇ ತಂದು ಬೆನಕಪ್ಪನ ತಲೆಯ ಮೇಲೆ ಸುರಿದಳು.

"ಬೆಂಕಿ ಅಲ್ಲೈತಮ್ಮ!" ಎಂದ ಬೆನಕಪ್ಪ, ಮೀಸೆಯಿಂದ ಮಜ್ಜಿಗೆ ಒರೆಸಿಕೊಳ್ಳುತ್ತ. ಬೀದಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅವನೂ ನಕ್ಕ. ಎಷ್ಟೋ ತಿಂಗಳ ಮೇಲೆ ನಕ್ಕಿದ್ದ.

ಒಳಗೆ ಹೋಗಿ ಚಹಾ ಇಡುವಷ್ಟರಲ್ಲಿ ಬೆಂಕಿಯೂ ಆರಿತು, ಜನವೂ ಚದುರಿತು.

"ಇನ್ನು ಒಂದು ಕಳೆನೂ ಹುಟ್ಟಾದಿಲ್ಲ," ಎಂದು ಹುಚ್ಚರಾಯಪ್ಪ ಅವನ ಬೆನ್ನು ತಟ್ಟಿದ. "ಮಳೆಗಾಲದಾಗೆ ನಮ್ಮನ್ನ ಕರೆಯಾ ಗೋಜೇ ಇಲ್ಲ ನಿಮ್ಗೆ!"

ಬೆನಕಪ್ಪ ಸೋಸಿಟ್ಟ ಚಹಾ ಅಷ್ಟೂ ಆರಿಹೋಯಿತು.

ಸಂಜೆ ಒಂದು ಉಪಾಯ ಹೊಳೆಯಿತು. ಕೆರೆ ಏರಿಯ ಮೇಲೆ ಒಣಗಿ ನಿಂತ ಉತ್ತರಾಣಿ ಗಿಡಗಳ ನಡುವೆ, ಗಾಳಿ ಸೇವನೆಗೆ ಬಂದವನಂತೆ, ಹಿಂದೆ ಮುಂದೆ ಓಡಾಡಿದ. ಮುಳ್ಳುಬೀಜಗಳು ಉಟ್ಟ ಪಂಚೆಯ ತುಂಬ ಕಚ್ಚಿಕೊಂಡವು. ಹಾಸಿನ ಮೇಲೆ ನಿಂತು ಕೊಡವಿದರೆ ಮುಗಿಯಿತು, ಮಳೆಗಾಲ ಮತ್ತೆ ಅವನದೇ.

ಹುಲ್ಲುಹಾಸು ಇನ್ನು ನಾಲ್ಕು ಹೆಜ್ಜೆ ಇರುವಾಗ ಹುಚ್ಚರಾಯಪ್ಪ ಕಂಡ.

"ಏನ್ರೀ ಬೆನಕಪ್ಪಾರೆ, ಇದೇನು ಪಂಚೆ! ಹಿಂಗೇ ಒಳಗೆ ಹೋದ್ರೆ ಬೆಳಗ್ಗಿಂದ ಪಟ್ಟ ಪಾಡೆಲ್ಲ ಹಾಳು. ಬರ್ರಿ ಇಲ್ಲಿ!"

"ಇರ್ಲಿ ಬಿಡ್ರಿ, ನಾನೇ..."

"ಸುಮ್ನೆ ನಿಂತ್ಕಳಿ."

ತನ್ನ ಜಗಲಿಯ ಮೇಲೆ ನಿಲ್ಲಿಸಿಕೊಂಡು ಅವನು ಬೀಜಗಳನ್ನು ಒಂದೊಂದಾಗಿ ಕಿತ್ತು ಮೊರಕ್ಕೆ ಹಾಕಿದ. ಕೀಳುತ್ತ ಉಳವಿಯ ಸುದ್ದಿ, ಎತ್ತಿನ ಸುದ್ದಿ, ಮಗಳ ಮದುವೆಯ ಸುದ್ದಿ ಎಲ್ಲ ಹೇಳಿದ. ಬೆನಕಪ್ಪನಿಗೆ ಹಿತವಾಗಿತ್ತು. ಬೀಜ ಮುಗಿಯದೇ ಇರಲಿ ಅಂದುಕೊಂಡ. ಮುಗಿದವು.

ಹುಚ್ಚರಾಯಪ್ಪ ಮೊರವನ್ನು ಒಲೆಗೆ ಕೊಡವಿ ಬಂದ. "ಒಂದೂ ಬಿಟ್ಟಿಲ್ಲ, ನಿಶ್ಚಿಂತೆಯಾಗಿ ಮಲಗ್ರಿ," ಎಂದು ಬಾಗಿಲು ಹಾಕಿಕೊಂಡ.

ಬೆನಕಪ್ಪ ಕರಕಲಾದ ಹಾಸಿನ ಮೇಲೆ ನಿಂತು ಪಂಚೆಯನ್ನು ಜೋರಾಗಿ ಕೊಡವಿದ. ಏನೂ ಬೀಳಲಿಲ್ಲ.